ಮಳೆಯಲ್ಲಿ ಮಾತ್ರ ನಿಲ್ಲುತ್ತಿದ್ದ ವೈಪರ್

2024ರ ಜೂನ್ ತಿಂಗಳಲ್ಲಿ ನಾನು ರಾಮನಗರದಿಂದ ಚನ್ನಪಟ್ಟಣಕ್ಕೆ ಹೋಗುವ ಹಳೇ ರಸ್ತೆಯ ಪಕ್ಕದ ಒಂದು ಗ್ಯಾರೇಜಿನಲ್ಲಿ ಆಟೋ ಎಲೆಕ್ಟ್ರಿಷಿಯನ್ ಆಗಿದ್ದೆ. ಈಗಲೂ ಅಲ್ಲೇ ಇದ್ದೇನೆ. ಆಗ ನನಗೆ ಇಪ್ಪತ್ತಾರು ವರ್ಷ, ಕೆಲಸಕ್ಕೆ ಸೇರಿ ಏಳು ವರ್ಷ. ವೃತ್ತಿಯ ಅನುಭವ ಬರೆಯುವವರು ಸಾಮಾನ್ಯವಾಗಿ ನಿವೃತ್ತರಾಗಿರುತ್ತಾರೆ. ನನ್ನ ನಿವೃತ್ತಿ ಇನ್ನೂ ಬಹಳ ದೂರ. ಆದರೆ ನಮ್ಮ ಮೇಸ್ತ್ರಿ ಕೆಂಪಣ್ಣನವರ ಪ್ರಕಾರ, ನಾನು ಕೆಲಸ ಮಾಡುವ ವೇಗ ನೋಡಿದರೆ ಈಗಾಗಲೇ ನಿವೃತ್ತನಾದ ಹಾಗೆಯೇ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಗ್ಯಾರೇಜಿನಲ್ಲಿ ಇರುವುದು ನಾವಿಬ್ಬರೇ. ಇಂಜಿನ್, ಬ್ರೇಕ್, ಗೇರ್‌ಬಾಕ್ಸ್ ಕೆಂಪಣ್ಣನವರದು. ವೈರು, ಬಲ್ಬು, ಹಾರ್ನು, ಮೋಟರು ನನ್ನದು. ಇದರ ಜೊತೆಗೆ ಯಾರೂ ವಹಿಸದ ಇನ್ನೊಂದು ಕೆಲಸವನ್ನೂ ನಾನು ವಹಿಸಿಕೊಂಡಿದ್ದೆ: ಅಣಕಿಸುವುದು. ಇದು ಶುರುವಾದದ್ದು ವೃತ್ತಿಯ ಕಾರಣಕ್ಕೇ. ಗಿರಾಕಿಗಳು ಕಂಪ್ಲೇಂಟನ್ನು ಸದ್ದಿನಲ್ಲಿ ಹೇಳುತ್ತಾರೆ. ‘ಸೆಲ್ಫ್ ಹೊಡೆದರೆ ಕೊರ್ ಅಂತದೆ’ ಎನ್ನುತ್ತಾರೆ. ನಾನು ಅದೇ ಸದ್ದನ್ನು ಬಾಯಲ್ಲಿ ಮೂರು ಬಗೆಯಾಗಿ ಮಾಡಿ ತೋರಿಸಿ, ಯಾವುದು ಎಂದು ಕೇಳುತ್ತಿದ್ದೆ. ಬ್ಯಾಟರಿ ಇಳಿದಿದ್ದರೆ ಒಂದು ಸದ್ದು, ಸ್ಟಾರ್ಟರಿನ ಹಲ್ಲು ಸವೆದಿದ್ದರೆ ಇನ್ನೊಂದು. ಅಲ್ಲಿಗೇ ನಿಲ್ಲಿಸಬಹುದಿತ್ತು. ನಾನು ಸದ್ದಿನಿಂದ ಗಿರಾಕಿಯ ಮಾತಿಗೆ, ಮಾತಿನಿಂದ ನಡಿಗೆಗೆ, ನಡಿಗೆಯಿಂದ ಕೆಂಪಣ್ಣನವರು ಸ್ಪ್ಯಾನರ್ ಕಾಣದಿದ್ದಾಗ ತಮ್ಮ ಜೇಬನ್ನೇ ಕಳ್ಳನಂತೆ ನೋಡುವ ಬಗೆಗೆ ಮುಂದುವರಿದಿದ್ದೆ.

ಆ ಜೂನ್‌ನ ಎರಡನೇ ಭಾನುವಾರ ರತ್ನಮ್ಮ ಸಿಸ್ಟರ್ ತಮ್ಮ ಕಾರು ತಂದರು. ಅವರಿಗೆ ಐವತ್ತೆರಡು ವರ್ಷ. ಮನೆ ಚನ್ನಪಟ್ಟಣದಲ್ಲಿ, ಕೆಲಸ ಮರಳವಾಡಿ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ ನರ್ಸ್. ಜೊತೆಗೆ ಅವರ ಯಜಮಾನರು ಪುಟ್ಟಸ್ವಾಮಿಯವರೂ ಬಂದಿದ್ದರು. ಅವರು ಮನೆಯಲ್ಲೇ ಲೇತ್ ಹಾಕಿಕೊಂಡು ಮರದ ಆಟಿಕೆ ಕಡೆಯುವವರು. ಗಿಲಕಿ, ಬುಗುರಿ, ಗೊಂಬೆಗಾಡಿಯ ಚಕ್ರ ಅವರ ಕೈಕೆಲಸ. ಕಾರು 2008ರ ಮಾಡೆಲ್, ನಾಲ್ಕು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಕಂಪನಿಯ ಹೆಸರು ಬೇಡ, ತಪ್ಪು ಕಂಪನಿಯದಲ್ಲ.

ಆ ಕಾರು ಆ ಮನೆಗೆ ಏಕೆ ಬಂತು ಎನ್ನುವುದನ್ನು ಇಲ್ಲೇ ಹೇಳಬೇಕು. ಚನ್ನಪಟ್ಟಣದಿಂದ ಮರಳವಾಡಿ ಕಡೆಗೆ ಹೋಗಲು ರಾಮನಗರದಲ್ಲೊಮ್ಮೆ, ಕನಕಪುರದಲ್ಲೊಮ್ಮೆ ಬಸ್ಸು ಬದಲಿಸಬೇಕು. ಬೆಳಗಿನ ಒಂಬತ್ತರ ಡ್ಯೂಟಿಗೆ ಮುಟ್ಟುವ ಭರವಸೆ ಇರಲಿಲ್ಲ. ಹಾಗಾಗಿ ಸಿಸ್ಟರ್ ಎರಡು ವರ್ಷ ಆ ಊರಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದು, ಶನಿವಾರ ಸಂಜೆ ಮನೆಗೆ ಬಂದು ಸೋಮವಾರ ನಸುಕಿಗೆ ಹೊರಡುತ್ತಿದ್ದರು. ನಲವತ್ತೆಂಟನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು ಈ ಕಾರು ಹಿಡಿದ ಮೇಲೆ ಕೋಣೆ ಬಿಟ್ಟರು. ಹೋಗುವುದಕ್ಕೆ ಒಂದೂವರೆ ಗಂಟೆ, ಬರುವುದಕ್ಕೆ ಒಂದೂವರೆ ಗಂಟೆ. ರಾತ್ರಿಯ ಊಟ ಮನೆಯಲ್ಲಿ.

ಅವರು ಹೇಳಿದ ಕಂಪ್ಲೇಂಟು ಎರಡು. ಮೊದಲನೆಯದು, ಗಾಜಿಗೆ ನೀರು ಚಿಮ್ಮುವ ವಾಷರ್ ಚಿಮ್ಮುವುದಿಲ್ಲ. ಎರಡನೆಯದು, ಮಳೆಯಲ್ಲಿ ವೈಪರ್ ಬರಬರುತ್ತಾ ನಿಧಾನವಾಗಿ ಕೊನೆಗೆ ಗಾಜಿನ ನಡುವೆ ನಿಂತುಬಿಡುತ್ತದೆ. ಕಾಲು ಗಂಟೆ ಬಿಟ್ಟು ಸ್ವಿಚ್ ಹಾಕಿದರೆ ಒಂದೆರಡು ಸಲ ಓಡಾಡಿ ಮತ್ತೆ ನಿಲ್ಲುತ್ತದೆ. ಮಾರನೆಯ ದಿನ ಬಿಸಿಲಿನಲ್ಲಿ ನೋಡಿದರೆ ಏನೂ ಆಗಿಲ್ಲದ ಹಾಗೆ ಓಡುತ್ತದೆ.

ವಾಷರಿನದು ಸುಲಭ. ಬಾನೆಟ್ ಒಳಗೆ ನೀರಿನ ಟ್ಯಾಂಕು, ಅದರ ಬುಡದಲ್ಲಿ ಪುಟ್ಟ ಪಂಪು, ಅಲ್ಲಿಂದ ಹೊರಟ ರಬ್ಬರ್ ಕೊಳವೆ, ಕೊನೆಯಲ್ಲಿ ಗಾಜಿನತ್ತ ಮುಖ ಮಾಡಿದ ಎರಡು ನಾಜಲ್. ಸ್ವಿಚ್ ಒತ್ತಿದಾಗ ಪಂಪಿನ ಗುಂಯ್ ಸದ್ದು ಬರುತ್ತಿತ್ತು, ಕೊಳವೆ ಬಿಚ್ಚಿದರೆ ನೀರೂ ಬಂತು. ಹಾಗಾದರೆ ಕಟ್ಟಿಕೊಂಡಿರುವುದು ನಾಜಲ್. ನಮ್ಮ ಕಡೆಯ ಬೋರ್‌ವೆಲ್ ನೀರು ಹಾಕಿದರೆ ಅದರ ತೂತಿನಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ನಾನು ಗುಂಡುಪಿನ್ ಹುಡುಕುತ್ತಿದ್ದಾಗ ಸಿಸ್ಟರ್ ತಮ್ಮ ಬ್ಯಾಗಿನಿಂದ ಹೊಸ ಇಂಜೆಕ್ಷನ್ ಸೂಜಿ ತೆಗೆದುಕೊಟ್ಟರು. ಅದಕ್ಕಿಂತ ಒಳ್ಳೆಯ ಸಾಮಾನು ಈ ಕೆಲಸಕ್ಕೆ ಇಲ್ಲ. ತೂತು ಬಿಡಿಸಿ, ಅದೇ ಸೂಜಿಯಿಂದ ನಾಜಲ್ಲಿನ ದಿಕ್ಕು ತಿರುಗಿಸಿದೆ. ಮೊದಲ ಸಲ ನೀರು ಕಾರಿನ ಮೇಲೆ ಹಾರಿ ಹಿಂದೆ ಕೂತು ಉಣ್ಣುತ್ತಿದ್ದ ಕೆಂಪಣ್ಣನವರ ಟಿಫನ್ ಡಬ್ಬಿಗೆ ಬಿತ್ತು. ಎರಡನೇ ಸಲ ಗಾಜಿನ ನಡುವಿಗೇ ಬಿತ್ತು.

ವೈಪರಿಗೆ ಬಂದೆ. ಇದರ ರಚನೆಯನ್ನು ಸ್ವಲ್ಪ ಹೇಳುತ್ತೇನೆ, ಮುಂದಿನದಕ್ಕೆ ಬೇಕಾಗುತ್ತದೆ. ಗಾಜಿನ ಬುಡದಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ಜಾಲರಿ ಇರುತ್ತದಲ್ಲ, ಅದರ ಕೆಳಗೆ ಒಂದು ಮೋಟರ್ ಇದೆ. ಮೋಟರ್ ಸುತ್ತುತ್ತದೆ, ವೈಪರ್ ಸುತ್ತುವುದಿಲ್ಲ, ಅತ್ತಿತ್ತ ಆಡುತ್ತದೆ. ಸುತ್ತುವುದನ್ನು ಆಡುವುದಾಗಿ ಬದಲಾಯಿಸಲು ನಡುವೆ ಕಬ್ಬಿಣದ ಕಡ್ಡಿಗಳ ಜೋಡಣೆ ಇದೆ, ಲಿಂಕೇಜ್ ಎನ್ನುತ್ತೇವೆ. ಕಡ್ಡಿ ಕಡ್ಡಿ ಕೂಡುವಲ್ಲಿ ಒಂದು ಪಿನ್, ಪಿನ್ನಿನ ಸುತ್ತ ಬೆರಳುಗುರಿನಷ್ಟು ಚಿಕ್ಕ ನೈಲಾನ್ ಬಳೆ. ಆ ಬಳೆಗೆ ಬುಶ್ ಎಂದು ಹೆಸರು.

ಅವತ್ತು ನಾನು ಲಿಂಕೇಜಿನ ಹತ್ತಿರ ಹೋಗಲಿಲ್ಲ. ಎಲೆಕ್ಟ್ರಿಷಿಯನ್ನನಿಗೆ ಕಾಣುವುದೆಲ್ಲ ಕರೆಂಟೇ. ಬ್ಯಾಟರಿ 12.5 ವೋಲ್ಟ್ ಇತ್ತು, ಇಂಜಿನ್ ಓಡುವಾಗ 13.9. ಮೋಟರಿನ ಅರ್ತ್ ವೈರಿನ ಬುಡ ತುಕ್ಕು ಹಿಡಿದಿತ್ತು, ಉಜ್ಜಿ ಬಿಗಿದೆ. ಬ್ಲೇಡಿನ ರಬ್ಬರ್ ಗಟ್ಟಿಯಾಗಿತ್ತು, ಬದಲಾಯಿಸಿದೆ. ವಾಷರಿನಿಂದ ನೀರು ಚಿಮ್ಮಿಸುತ್ತಾ ಎರಡು ನಿಮಿಷ ಓಡಿಸಿದೆ. ಚೆನ್ನಾಗಿ ಓಡಿತು. ಮುಗಿಯಿತು ಎಂದೆ.

ಕೆಲಸ ನಡೆಯುವಷ್ಟು ಹೊತ್ತು ಬಾಯಿಯೂ ನಡೆದಿತ್ತು. ಮನೆಯಲ್ಲೇ ರಿಪೇರಿ ಮಾಡಿಕೊಂಡು ಬರುವವರ ಅಣಕು ನನ್ನ ಜನಪ್ರಿಯ ಐಟಂ. ಫ್ಯೂಸ್ ಸುಟ್ಟಿತೆಂದು ಸಿಗರೇಟ್ ಪೊಟ್ಟಣದ ಬೆಳ್ಳಿ ಕಾಗದ ತುರುಕಿಕೊಂಡು ಬಂದ ಮಾಗಡಿಯ ಮೇಷ್ಟರು, ರೇಡಿಯೇಟರ್ ಪೈಪಿಗೆ ಹೆಂಡತಿಯ ಸೀರೆಯ ಅಂಚು ಸುತ್ತಿ, ‘ಸೀರೆ ಹೆಂಗಿದ್ರೂ ಹಳೇದೇ ಕಣಪ್ಪ’ ಎಂದ ಸೋಲೂರಿನ ಹಾಲಿನವರು, ಇವರನ್ನೆಲ್ಲ ಮಾಡಿ ತೋರಿಸಿದೆ. ಸಿಸ್ಟರ್ ನಕ್ಕರು. ಸ್ಟೂಲಿನ ಮೇಲೆ ಕೂತಿದ್ದ ಪುಟ್ಟಸ್ವಾಮಿಯವರೂ ನಕ್ಕರು, ಆಮೇಲೆ ಎದ್ದು ಟೀ ಕುಡಿದು ಬರುತ್ತೇನೆಂದು ಹೋದವರು ಕಾರು ಹೊರಡುವ ತನಕ ಬರಲಿಲ್ಲ. ಅವರಿಗೆ ಹಾಸ್ಯ ಅರ್ಥವಾಗಲಿಲ್ಲ ಎಂದುಕೊಂಡೆ.

ಹತ್ತು ದಿನದ ಮೇಲೆ ಸಿಸ್ಟರ್ ಫೋನ್ ಬಂತು. ಮನೆಗೆ ವಾಪಸು ಬರುವಾಗ ಮಳೆ, ಕನಕಪುರ ದಾಟಿದ ಮೇಲೆ ವೈಪರ್ ನಿಂತಿತು, ಇಪ್ಪತ್ತು ನಿಮಿಷ ಬಸ್ ಶೆಲ್ಟರಿನ ಪಕ್ಕ ಕಾದೆ ಎಂದರು. ನಾನು ಕೂಡಲೇ ಮೋಟರಿನ ಮೇಲೆ ತೀರ್ಪು ಕೊಟ್ಟೆ. ವೈಪರ್ ಮೋಟರಿನೊಳಗೆ ಒಂದು ರಕ್ಷಣೆ ಇರುತ್ತದೆ. ಮೋಟರ್ ವಿಪರೀತ ಬಿಸಿಯಾದರೆ ಅದು ತಾನೇ ಕರೆಂಟ್ ಕಡಿದು, ತಣ್ಣಗಾದ ಮೇಲೆ ಮತ್ತೆ ಕೊಡುತ್ತದೆ. ನಿಂತು, ಸ್ವಲ್ಪ ಹೊತ್ತಿನ ಮೇಲೆ ಓಡುವುದಕ್ಕೆ ಅದೇ ಕಾರಣ. ಇಷ್ಟು ನಾನು ಸರಿಯಾಗಿಯೇ ಹೇಳಿದ್ದೆ. ಮೋಟರ್ ಏಕೆ ಬಿಸಿಯಾಗುತ್ತಿದೆ ಎಂದು ಮಾತ್ರ ಕೇಳಿಕೊಳ್ಳಲಿಲ್ಲ. ಹದಿನಾರು ವರ್ಷದ ಮೋಟರ್, ಮುದಿಯಾಗಿದೆ, ಅಷ್ಟೇ ಎಂದುಕೊಂಡೆ.

ಬೆಂಗಳೂರಿನ ಗುಜರಿಯಿಂದ ಅದೇ ಮಾಡೆಲ್ಲಿನ ಬೇರೆ ಮೋಟರ್ ತರಿಸಿದೆ. ಜಾಲರಿ ತೆಗೆದು, ಮೋಟರಿನ ತುದಿಯ ನಟ್ ಬಿಚ್ಚಿ, ಹಳೆಯದನ್ನು ಇಳಿಸಿ ಇದನ್ನು ಕೂರಿಸಿದೆ. ಲಿಂಕೇಜ್ ಕಣ್ಣೆದುರಿಗೇ ಇತ್ತು, ಗ್ರೀಸು ಧೂಳು ಸೇರಿ ಕಪ್ಪಗೆ ಮೆತ್ತಿಕೊಂಡಿತ್ತು. ಒಂದು ಬಟ್ಟೆ ತೆಗೆದುಕೊಂಡು ಒರೆಸಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕೈ ಕೊಳೆಯಾಗುತ್ತದೆಂದು ಒರೆಸಲಿಲ್ಲ. ಪೈಪಿನಲ್ಲಿ ಗಾಜಿನ ಮೇಲೆ ಎರಡು ನಿಮಿಷ ನೀರು ಬಿಟ್ಟು ಓಡಿಸಿದೆ. ಕೆಂಪಣ್ಣನವರು ಬಂದು ನೋಡಿ, “ಲೇ ಚಂದ್ರು, ಒಸಿ ಹೊತ್ತು ಓಡ್ಲಿ ಬುಡ್ಲಾ, ಈಗ್ಲೇ ಯಾಕೆ ನಿಲ್ಲಿಸ್ತೀಯ” ಎಂದರು. ನಾನು ಅದೇ ಮಾತನ್ನು ಅವರದೇ ದನಿಯಲ್ಲಿ, ಸೊಂಟದ ಮೇಲೆ ಕೈ ಇಟ್ಟುಕೊಂಡು, ಅವರಿಗೇ ಹೇಳಿ ತೋರಿಸಿದೆ. ಸ್ವಿಚ್ ಆಫ್ ಮಾಡಿದೆ.

ಜುಲೈನಲ್ಲಿ ಸಿಸ್ಟರ್ ಹೋಗಿಬರುವ ಹೊತ್ತಿಗೆ ಹೇಳಿಕೊಳ್ಳುವಂಥ ಮಳೆ ಬರಲಿಲ್ಲ. ನನ್ನ ಮೋಟರ್ ಗೆದ್ದಿತು ಎಂದೇ ನಾನು ತಿಳಿದಿದ್ದೆ.

ಆಗಸ್ಟ್ ಮೂರನೇ ವಾರ ಅವರು ಮತ್ತೆ ಬಂದರು. ಹಿಂದಿನ ದಿನ ಸಂಜೆ ಐದಕ್ಕೆ ಮರಳವಾಡಿ ಬಿಟ್ಟು ಹೊರಟಿದ್ದಾರೆ, ಹೊರಡುವಾಗಲೇ ಜೋರು ಮಳೆ. ಅರ್ಧ ಗಂಟೆಯಾಗುವ ಹೊತ್ತಿಗೆ ವೈಪರ್ ನಿಧಾನವಾಗಿ ನಿಂತಿದೆ. ನಿಲ್ಲಿಸಿಕೊಳ್ಳಲು ಜಾಗ ಹುಡುಕುತ್ತಾ ಹೋಗುತ್ತಿದ್ದಾಗ ಎದುರಿಗೆ ಏನೋ ಬೆಳ್ಳಗೆ ಅಲುಗಾಡಿದಂತಾಗಿ ಬ್ರೇಕ್ ಒತ್ತಿದ್ದಾರೆ. ಕಾರು ನಿಂತದ್ದು ಒಂದು ಕುರಿ ಮಂದೆಯ ಅಂಚಿನಲ್ಲಿ. ಕುರಿ ಕಾಯುವಾತ ತಲೆಗೆ ಗೊಬ್ಬರದ ಚೀಲ ಹೊದ್ದುಕೊಂಡು ಬಾನೆಟ್ಟಿನಿಂದ ಎರಡು ಮಾರು ದೂರದಲ್ಲಿ ನಿಂತಿದ್ದನಂತೆ. ಯಾರಿಗೂ ಏನೂ ಆಗಲಿಲ್ಲ. ಆತ ಬೈಯಲೂ ಇಲ್ಲ, ಸುಮ್ಮನೆ ನೋಡಿದ, ಅದೇ ಇನ್ನೂ ಕಣ್ಣೆದುರಿಗಿದೆ ಎಂದರು.

ಅವರು ನನ್ನನ್ನು ಬೈಯುತ್ತಾರೆಂದು ಕಾದೆ. ಬೈದಿದ್ದರೆ ಸುಲಭವಾಗುತ್ತಿತ್ತು. ಅವರು ಕೀ ಕೊಟ್ಟು ಹೇಳಿದ್ದು ಇಷ್ಟು: “ಮೋಟ್ರು ಹೊಸದು ಹಾಕಿದ್ದೀಯ, ಬ್ಲೇಡು ಹೊಸದು. ಎಲ್ಲ ಸರಿಯಿದ್ದು ಇಂಗಾಯ್ತದೆ ಅಂದ್ರೆ ಕಾರಿಂದಲ್ಲ ಕಣಪ್ಪ. ನಂಗೇ ವಯಸ್ಸಾಯ್ತು. ಕಣ್ಣೂ ಸಾಲ್ದು, ಕೈಯೂ ಸಾಲ್ದು.”

ನಿಂತ ವೈಪರಿಗೂ ಅವರ ಕಣ್ಣಿಗೂ ಸಂಬಂಧವಿಲ್ಲ ಎಂದು ನಾನು ವಾದಿಸಿದೆ. ಕಣ್ಣು ಚುರುಕಾಗಿದ್ದಿದ್ದರೆ ಮಂದೆ ದೂರದಿಂದಲೇ ಕಾಣುತ್ತಿತ್ತು ಎಂದರು. ಅವರು ಆಗಲೇ ತೀರ್ಮಾನ ಮಾಡಿಕೊಂಡಿದ್ದರು. ಹಳೆಯ ಕೋಣೆಯ ಮಾಲೀಕರಿಗೆ ಫೋನ್ ಮಾಡಿದ್ದಾರೆ, ಒಂದನೇ ತಾರೀಖಿಗೆ ಅದು ಖಾಲಿಯಾಗುತ್ತದೆ. ಅಷ್ಟರೊಳಗೆ ಕಂಪ್ಲೇಂಟು ಏನೆಂದು ಸಿಕ್ಕಿದರೆ ಸರಿ. ಸಿಗದಿದ್ದರೆ ಕಾರು ಮಾರಿ ಅವರು ಕೋಣೆಗೆ ಹೋಗುತ್ತಾರೆ. ಕಾರನ್ನು ಬಿಟ್ಟು ಬಸ್ಸು ಹತ್ತಿದರು. ನಮಗೆ ಹತ್ತು ದಿನ ಇತ್ತು.

ಮೊದಲ ಮೂರು ದಿನ ನಾನು ಮಾಡಿದ್ದು ಅನುಭವವೆಂದು ಬರೆಯಲು ಯೋಗ್ಯವಲ್ಲ. ಸ್ವಿಚ್ ಬದಲಾಯಿಸಿದೆ, ರಿಲೇ ಬದಲಾಯಿಸಿದೆ. ಗುಜರಿಯ ಮೋಟರನ್ನೇ ಅನುಮಾನಿಸಿ ಸಿಸ್ಟರ್ ಕಾರಿನ ಹಳೆಯ ಮೋಟರನ್ನು ಮತ್ತೆ ಹಾಕಿದೆ. ಯಾವುದನ್ನು ಹಾಕಿದರೂ ವೈಪರ್ ಬಿಸಿಲಿನಲ್ಲಿ ಚೆನ್ನಾಗಿ ಓಡುತ್ತಿತ್ತು, ಎರಡು ನಿಮಿಷ ನೀರು ಬಿಟ್ಟರೂ ಓಡುತ್ತಿತ್ತು. ಮಳೆ ಬರಲಿಲ್ಲ.

ನಾಲ್ಕನೆಯ ದಿನ ಬೆಳಗ್ಗೆ ಹಲ್ಲುಜ್ಜುವಾಗ ಒಂದು ವಿಷಯ ಹೊಳೆಯಿತು. ಸಿಸ್ಟರ್ ಪ್ರತಿ ಸಲವೂ ಹೇಳಿದ ಕಥೆಯಲ್ಲಿ ವೈಪರ್ ನಿಂತದ್ದು ಮಳೆ ಶುರುವಾದ ಕೂಡಲೇ ಅಲ್ಲ, ಸುಮಾರು ಅರ್ಧ ಗಂಟೆಯ ಮೇಲೆ. ನಾನು ಪರೀಕ್ಷೆ ಮಾಡಿದ್ದು ಎರಡೆರಡು ನಿಮಿಷ. ಕೆಂಪಣ್ಣನವರು ಇದನ್ನೇ ಹೇಳಿದ್ದರು, ನಾನು ಅದನ್ನು ಅಣಕಿಸಿದ್ದೆ. ಅವರಿಗೆ ಈ ವಿಷಯ ಹೇಳದೆ, ನನಗೇ ಹೊಳೆದ ಉಪಾಯದಂತೆ ಕಾರನ್ನು ಅಂಗಳಕ್ಕೆ ತಂದು, ಇಂಜಿನ್ ಚಾಲು ಮಾಡಿ, ಗಾಜಿನ ಮೇಲೂ ಬುಡದ ಜಾಲರಿಯ ಮೇಲೂ ಮಳೆಯಂತೆ ಬೀಳುವ ಹಾಗೆ ಪೈಪ್ ಕಟ್ಟಿದೆ. ಫೋನಿನ ಗಡಿಯಾರ ಇಟ್ಟುಕೊಂಡು, ವೈಪರ್ ನಿಮಿಷಕ್ಕೆ ಎಷ್ಟು ಸಲ ಹೋಗಿ ಬರುತ್ತದೆಂದು ಎಣಿಸತೊಡಗಿದೆ.

ಆ ಹೊತ್ತಿಗೆ ಪುಟ್ಟಸ್ವಾಮಿಯವರು ಕಾರು ಏನಾಯಿತೆಂದು ವಿಚಾರಿಸಲು ಬಂದರು. ನೀರು ಬಿಟ್ಟಿದ್ದನ್ನು ನೋಡಿ, ಹಳೇ ಗಾಡಿಗೆ ಅಷ್ಟು ನೀರು ಒಳ್ಳೆಯದಲ್ಲ ಎಂದರು. ಮಳೆ ನಮ್ಮ ಮಾತು ಕೇಳುವುದಿಲ್ಲವಲ್ಲ ಎಂದೆ. ಸ್ಟೂಲ್ ಎಳೆದುಕೊಂಡು ಕೂತರು.

ಮೊದಲ ನಿಮಿಷ ನಲವತ್ತನಾಲ್ಕು ಸಲ. ಹತ್ತನೇ ನಿಮಿಷದಲ್ಲಿ ನಲವತ್ಮೂರು. ಹದಿನೆಂಟನೇ ನಿಮಿಷದಲ್ಲಿ ಮೂವತ್ತಾರು. ಇಪ್ಪತ್ನಾಲ್ಕಕ್ಕೆ ಇಪ್ಪತ್ತೇಳು. ಇಪ್ಪತ್ತೇಳನೇ ನಿಮಿಷದಲ್ಲಿ ವೈಪರ್ ಗಾಜಿನ ನಡುವೆ ನಿಂತಿತು. ಎರಡು ತಿಂಗಳಲ್ಲಿ ಮೊದಲ ಸಲ ಕಂಪ್ಲೇಂಟು ನನ್ನ ಕಣ್ಣೆದುರಿಗೆ ಬಂದಿತ್ತು.

ಪೂರ್ತಿ ನಿಲ್ಲುವ ಮೊದಲೇ ಮೋಟರಿನ ಪ್ಲಗ್ಗಿಗೆ ಮಲ್ಟಿಮೀಟರ್ ಹಿಡಿದಿದ್ದೆ. 13.6 ವೋಲ್ಟ್ ತೋರಿಸುತ್ತಿತ್ತು. ಅಂದರೆ ಕರೆಂಟ್ ಸರಿಯಾಗಿ ಬರುತ್ತಿದೆ. ಮೋಟರ್ ಮುಟ್ಟಿದರೆ ಕೈ ಸುಡುವಂತಿತ್ತು. ತಣ್ಣಗಾಗಲು ಬಿಟ್ಟು, ನಟ್ ಬಿಚ್ಚಿ, ಮೋಟರ್ ಒಂದನ್ನೇ ಓಡಿಸಿದೆ. ಹೂವಿನ ಹಾಗೆ ತಿರುಗಿತು. ಲಿಂಕೇಜನ್ನು ಕೈಯಲ್ಲಿ ಆಡಿಸಲು ನೋಡಿದೆ. ಎರಡು ಬೆರಳಿಗೆ ಆಡಬೇಕಾದದ್ದು ಇಡೀ ಕೈ ಹಾಕಿದರೂ ಅಲುಗಲಿಲ್ಲ. ಏನೋ ಅದನ್ನು ಕಚ್ಚಿ ಹಿಡಿದಿತ್ತು. ನಾನು ಶಿಕ್ಷೆ ಕೊಟ್ಟ ಎರಡು ಮೋಟರುಗಳೂ ನಿರಪರಾಧಿಗಳಾಗಿದ್ದವು.

ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ಲಿಂಕೇಜಿನ ಕೀಲುಗಳನ್ನು ಒಂದೊಂದಾಗಿ ಒರೆಸಿದೆ. ಮೊದಲನೆಯದರಲ್ಲಿ ಬಿಳಿ ನೈಲಾನ್ ಬುಶ್. ಎರಡನೆಯದರಲ್ಲೂ ಅದೇ. ಮೋಟರಿನ ತೋಳು ಸೇರುವ ಮೂರನೆಯದನ್ನು ಒರೆಸಿದಾಗ ಗ್ರೀಸಿನ ಕೆಳಗಿನಿಂದ ಕೆಂಪು ಬಂತು. ಇನ್ನೂ ಒರೆಸಿದೆ, ಕೆಂಪಿನ ಪಕ್ಕ ಹಳದಿ ಗೆರೆ. ಆಮೇಲೆ ಮತ್ತೆ ಕೆಂಪು. ಬುಗುರಿಯ ನೆತ್ತಿಯಂತೆ ಹೊಳೆಯುವ ಅರಗಿನ ಬಣ್ಣ. ಮರದ ಬುಶ್.

ಇಡೀ ಪ್ರಪಂಚದಲ್ಲಿ ಒಂದು ಕಾರಿನ ವೈಪರಿಗೆ ಇಂಥ ಬುಶ್ ಎಲ್ಲಿಂದ ಬಂದೀತು ಎಂದು ಯೋಚಿಸಬೇಕಾದ ಅಗತ್ಯವಿರಲಿಲ್ಲ. ನಾನು ತಿರುಗಿ ನೋಡಿದೆ. ಕೆಂಪಣ್ಣನವರೂ ಸ್ಟೂಲಿನ ಕಡೆಗೇ ನೋಡುತ್ತಿದ್ದರು.

ಪುಟ್ಟಸ್ವಾಮಿಯವರು ಎದ್ದು ಬಂದರು. ಕ್ಲಿಪ್ ತೆಗೆದು, ಇಕ್ಕಳದಲ್ಲಿ ಎಳೆದೆಳೆದು ಬಿಡಿಸಿದ ಬುಶ್ಶನ್ನು ನನ್ನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು. “ಇದು ನಂದೇ ಕಣಪ್ಪ,” ಎಂದರು.

ಫೆಬ್ರವರಿಯಲ್ಲಿ ನೈಲಾನ್ ಬುಶ್ ಒಡೆದು ವೈಪರ್ ಕಡ್ಡಿ ಕಳಚಿಬಿದ್ದಿತ್ತಂತೆ. ಬೇರೊಂದು ಕಡೆ ವಿಚಾರಿಸಿದ್ದಕ್ಕೆ ಬುಶ್ ಬಿಡಿಯಾಗಿ ಸಿಗುವುದಿಲ್ಲ, ಪೂರ್ತಿ ಸೆಟ್ ತರಿಸಬೇಕು, ಹದಿನೈದು ದಿನ ಕಾರು ಬಿಡಬೇಕು ಎಂದಿದ್ದಾರೆ. ಹದಿನೈದು ದಿನ ಎಂದರೆ ಸಿಸ್ಟರ್ ಮತ್ತೆ ಅಲ್ಲೇ ಎಲ್ಲಾದರೂ ಉಳಿಯಬೇಕು. ಇವರು ಅವರಿಗೆ ಏನೂ ಹೇಳದೆ ಒಂದು ಭಾನುವಾರ ಒಡೆದ ಬುಶ್ಶಿನ ಅಳತೆ ತೆಗೆದು, ಹಾಲೆ ಮರದ ತುಂಡು ಲೇತಿಗೆ ಹಾಕಿ, ಒಂದು ಗಂಟೆಯಲ್ಲಿ ಕಡೆದು ಮುಗಿಸಿದ್ದಾರೆ. ಬೇಸಗೆಯಿಡೀ ವೈಪರ್ ಹಾಕಿ ಧೂಳು ಒರೆಸಿದಾಗೆಲ್ಲ ಅದು ಚೆನ್ನಾಗಿ ಓಡಿದೆ.

ಬಣ್ಣ ಯಾಕೆ ಹಾಕಿದಿರಿ ಎಂದು ಕೇಳಿದೆ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತದೆ ಲೇತಿನಿಂದ ಇಳಿಸುವುದು ತಮ್ಮ ಕೈಗೆ ಬರುವುದೇ ಇಲ್ಲ ಎಂದರು.

ಆಮೇಲೆ ಅವರೇ ತಮ್ಮ ತಪ್ಪನ್ನು ನನಗಿಂತ ಚೆನ್ನಾಗಿ ವಿವರಿಸಿದರು. ಅರಗು ಹಿಡಿದಿರುವುದು ಹೊರಮೈಗೆ. ಒಳಗಿನ ತೂತು ಬರೀ ಮರ. ಜಾಲರಿಯಿಂದ ಇಳಿದ ಮಳೆನೀರನ್ನು ಅದು ನಿಧಾನವಾಗಿ ಕುಡಿದು, ಊದಿ, ಪಿನ್ನನ್ನು ಹಿಡಿದುಕೊಳ್ಳುತ್ತದೆ. ಬಿಸಿಲು ಬಿದ್ದರೆ ಒಣಗಿ ಹಿಡಿತ ಬಿಡುತ್ತದೆ. “ಗೊಂಬೆಗಾಡಿ ಚಕ್ರಕ್ಕಾದ್ರೆ ತೂತು ಒಸಿ ಲೂಸ್ ಬುಡ್ತೀವಿ, ಮಕ್ಳು ನೀರಿಗೆ ಹಾಕ್ತಾವೆ ಅಂತ. ನಲವತ್ತು ವರ್ಸದಿಂದ ಬುಡ್ತಾ ಇದೀನಿ. ಇದು ಕಾರು, ಟೈಟಾಗಿ ಕೂರ್ಲಿ ಅಂದ್ಬುಟ್ಟು ಬುಡ್ಲಿಲ್ಲ.”

ಇದನ್ನು ಮೊದಲ ದಿನವೇ ಹೇಳಬಹುದಿತ್ತಲ್ಲ ಎಂದೆ. ಬುಶ್ಶಿನಿಂದಲೇ ಹೀಗಾಗುತ್ತಿದೆ ಎಂದು ತನಗೆ ಗೊತ್ತಿರಲಿಲ್ಲ, ಆದರೆ ತನ್ನ ಕೈಕೆಲಸ ಒಂದು ಅದರಲ್ಲಿದೆ ಎಂದು ಹೇಳಿಬಿಡೋಣ ಅಂತಲೇ ಅವತ್ತು ಬಂದದ್ದು ಎಂದರು. ನನ್ನ ಮುಖ ನೋಡದೆ ಮುಂದುವರಿಸಿದರು: “ನೀನು ಆ ಸೀರೆ ಕಟ್ಕೊಂಡ್ ಬಂದೋರ್ನ ಆಡಿ ತೋರ್ಸ್ತಿದ್ದೆ. ನಾನೂ ನಕ್ಕೆ. ನಾಳೆ ಇನ್ನೊಬ್ರ ಮುಂದೆ ನನ್ನೂ ಹಿಂಗೇ ಆಡ್ತಾನೆ ಅನ್ನುಸ್ತು. ಎದ್ದು ಹೋದೆ.”

ಕೆಂಪಣ್ಣನವರು ಬೈಯುತ್ತಾರೆಂದುಕೊಂಡೆ. ಅವರು ಕೈ ತೊಳೆಯಲು ಹೋದರು. ಎಷ್ಟು ಹೊತ್ತು ತೊಳೆದರೆಂದರೆ, ನನಗೆ ಎಲ್ಲ ಅರ್ಥವಾಯಿತು.

ಪುಟ್ಟಸ್ವಾಮಿಯವರು ಒಂದು ಕೋರಿಕೆ ಇಟ್ಟರು. ಬುಶ್ ಬದಲಾಯಿಸಿ, ರತ್ನಳಿಗೆ ಮಾತ್ರ ಮೋಟರಿನದೇ ದೋಷ ಎಂದು ಹೇಳು, ಕುರಿಯ ವಿಷಯ ಕೇಳಿದ ಮೇಲೆ ಇದು ತನ್ನಿಂದ ಆದದ್ದೆಂದು ಹೇಳುವ ಮುಖ ತನಗಿಲ್ಲ ಎಂದರು. ನಿಜ ಹೇಳುತ್ತೇನೆ, ಈ ಕೋರಿಕೆ ನನಗೂ ಅನುಕೂಲವಾಗಿತ್ತು. ಗುಜರಿಯ ಮೋಟರ್ ಸರಿ ಇರಲಿಲ್ಲ ಎಂದರೆ ನನ್ನ ಎರಡು ತಿಂಗಳ ದಡ್ಡತನ ಮುಚ್ಚಿಹೋಗುತ್ತಿತ್ತು. ಸ್ವಲ್ಪ ಹೊತ್ತು ನಾನು ಒಪ್ಪುವವನೇ ಆಗಿದ್ದೆ.

ಆದರೆ ಸಿಸ್ಟರ್ ಮೋಟರಿನ ಕಥೆಯನ್ನು ಒಮ್ಮೆ ಕೇಳಿಯಾಗಿತ್ತು. ಅದನ್ನು ನಂಬಿ ಹೊರಟದ್ದಕ್ಕೇ ಮಂದೆಯ ಎದುರು ಬ್ರೇಕ್ ಒತ್ತಬೇಕಾಯಿತು. ಮತ್ತೆ ಅದನ್ನೇ ಹೇಳಿದರೆ ಅವರು ತಲೆ ಅಲ್ಲಾಡಿಸಿ, ಕಾರು ತೆಗೆದುಕೊಂಡು ಹೋಗಿ, ಒಂದನೇ ತಾರೀಖಿಗೆ ಮಾರುತ್ತಾರೆ. ಅವರು ಅನುಮಾನಿಸುತ್ತಿರುವುದು ಕಾರನ್ನಲ್ಲ, ತಮ್ಮನ್ನು. ಅಷ್ಟನ್ನು ಪುಟ್ಟಸ್ವಾಮಿಯವರಿಗೆ ಹೇಳಿದೆ. ನಾನು ಮೂರು ಸಲ ಸುಳ್ಳು ಪರೀಕ್ಷೆ ಮಾಡಿದ್ದನ್ನೂ ಜೊತೆಗೆ ಹೇಳುತ್ತೇನೆ, ನೀವೊಬ್ಬರೇ ನಿಲ್ಲಬೇಕಾಗಿಲ್ಲ ಎಂದೆ. ಅವರು ಮರದ ಬುಶ್ಶನ್ನು ಒರೆಸಿ ಜೇಬಿಗೆ ಹಾಕಿಕೊಂಡರು.

ಹೊಸ ಬುಶ್ಶಿನ ಪ್ರಶ್ನೆ ಬಂತು. ಬಿಡಿಯಾಗಿ ಸಿಗದಿರುವುದು ನಿಜ. ಕೈ ಒರೆಸಿಕೊಂಡು ಬಂದ ಕೆಂಪಣ್ಣನವರು, ಇಷ್ಟು ನಯವಾಗಿ ಕಡೆಯುವವರು ಎದುರಿಗೆ ನಿಂತಿರುವಾಗ ಬೇರೆಯವರನ್ನು ಯಾಕೆ ಹುಡುಕಬೇಕು ಎಂದರು. ಹಾರ್ಡ್‌ವೇರ್ ಅಂಗಡಿಯಿಂದ ನೈಲಾನ್ ಕೋಲು ತಂದು ಕೊಟ್ಟೆವು. ಪಿನ್ನಿನ ದಪ್ಪ ವರ್ನಿಯರ್‌ನಲ್ಲಿ 9.9 ಮಿಲಿಮೀಟರ್ ಬಂತು, ತೂತು 10.1 ಇರಲಿ ಎಂದೆ. ಅಳತೆ ಚೀಟಿಯನ್ನು ಅವರು ಜೇಬಿಗೆ ಹಾಕಿಕೊಳ್ಳಲಿಲ್ಲ, ಪಿನ್ನನ್ನೇ ಒಯ್ದರು. ಮಾರನೆಯ ದಿನ ಬೆಳಗ್ಗೆ ಎರಡು ಬುಶ್ ತಂದರು, ಒಂದು ಹಾಕಲು, ಇನ್ನೊಂದು ಸ್ಪೇರ್. ಇದಕ್ಕೆ ಅರಗು ಹಿಡಿಯುವುದಿಲ್ಲ ಎಂದು ಸ್ವಲ್ಪ ಬೇಸರದಿಂದಲೇ ಹೇಳಿದರು.

ಸಿಸ್ಟರ್ ಕಾರಿನ ಮೂಲ ಮೋಟರ್, ಹೊಸ ಬುಶ್, ಒರೆಸಿ ಗ್ರೀಸ್ ಹಾಕಿದ ಲಿಂಕೇಜ್. ಪೈಪ್ ಕಟ್ಟಿ ಒಂದು ಗಂಟೆ ಪೂರ್ತಿ ನೀರು ಬಿಟ್ಟೆವು. ಈ ಸಲ ಎಣಿಸಿದವರು ಕೆಂಪಣ್ಣ. ಮೊದಲ ನಿಮಿಷ ನಲವತ್ತನಾಲ್ಕು, ಅರವತ್ತನೇ ನಿಮಿಷವೂ ನಲವತ್ತನಾಲ್ಕು.

ಸಂಜೆ ಏಳೂವರೆಗೆ ಸಿಸ್ಟರ್ ಬಸ್ಸಿಳಿದು ಗ್ಯಾರೇಜಿಗೆ ಬಂದರು. ನಾನು ಮಾತು ಶುರು ಮಾಡುವ ಮೊದಲೇ ಪುಟ್ಟಸ್ವಾಮಿಯವರು ಕೈ ಮುಂದೆ ಮಾಡಿದರು. ಅಂಗೈಯಲ್ಲಿ ಕೆಂಪು ಹಳದಿಯ ಬುಶ್ ಇತ್ತು.

“ಇದು ನಾನು ಮಾಡಿ ಹಾಕಿದ್ದು ರತ್ನ. ನೀರು ಕುಡ್ದು ಊದ್ಕೊಳ್ತಿತ್ತು, ಅದ್ಕೇ ನಿಲ್ತಿತ್ತು. ನಿನ್ ಕಣ್ಣಿಗೆ ಏನೂ ಆಗಿಲ್ಲ.”

ಸಿಸ್ಟರ್ ಅದನ್ನು ತೆಗೆದುಕೊಂಡು ಮಾತ್ರೆ ನೋಡುವ ಹಾಗೆ ಬೆರಳಲ್ಲಿ ತಿರುಗಿಸಿ ನೋಡಿದರು. ಯಾವಾಗ ಮಾಡಿದಿರಿ ಎಂದು ಕೇಳಿದರು. ಫೆಬ್ರವರಿ ಎಂದರು ಇವರು. ಸಿಸ್ಟರ್ ಹೇಳಿದರು: “ಆ ಕುರಿ ಅಡ್ಡ ಬಂದಾಗಿಂದ ನನ್ ಕೈ ಮೇಲೇ ನಂಗೆ ನಂಬ್ಕೆ ಹೊಂಟೋಗಿತ್ತು ಕಣ್ರೀ. ಕೂಸುಗಳಿಗೆ ಇಂಜೆಕ್ಷನ್ ಹಾಕೋಕೂ ಇನ್ನೊಬ್ಳನ್ನ ಕರೀತಿದ್ದೆ.”

ನಾನು ನನ್ನ ಪಾಲಿನದನ್ನು ಹೇಳಿದೆ: ಎರಡು ನಿಮಿಷದ ಪರೀಕ್ಷೆ, ಒರೆಸದ ಗ್ರೀಸು, ತಪ್ಪಿಲ್ಲದ ಮೋಟರು, ಅವತ್ತಿನ ಅಣಕು. ಸಿಸ್ಟರ್ ಪೂರ್ತಿ ಕೇಳಿ ನನಗೆ ಬೈದದ್ದು ಒಂದೇ ವಿಷಯಕ್ಕೆ. “ರೋಗಿ ಬಂದ್ರೆ ನಾವು ಮೊದ್ಲು ಕೇಳೋದೇ, ಇದಕ್ಕೆ ಮುಂಚೆ ಯಾರ್ಗ್ ತೋರ್ಸಿದ್ರಿ, ಏನ್ ತಗೊಂಡ್ರಿ ಅಂತ. ನೀನು ಮೂರು ಸಲಿನೂ ಕೇಳ್ಲಿಲ್ಲ.” ಕಾರಿನ ಕೀ ಇಸಿದುಕೊಂಡರು. ಯಜಮಾನರಿಗೆ ಹತ್ತಿ ಎಂದರು. ಡ್ರೈವರ್ ಸೀಟಿನಲ್ಲಿ ಅವರೇ ಕೂತರು.

ನಾಲ್ಕು ದಿನದ ಮೇಲೆ, ತಿಂಗಳ ಕೊನೆಗೆ, ಮಧ್ಯಾಹ್ನ ಶುರುವಾದ ಮಳೆ ಸಂಜೆಯಾದರೂ ಬಿಡಲಿಲ್ಲ. ಏಳು ಗಂಟೆಗೆ ಸಿಸ್ಟರ್ ಫೋನ್ ಬಂತು. ಮನೆಯ ಬಾಗಿಲಲ್ಲಿ ನಿಂತು ಮಾಡುತ್ತಿದ್ದೇನೆ, ದಾರಿಯುದ್ದಕ್ಕೂ ಓಡಿತು ಎಂದರು. ಕೋಣೆಯ ಮಾಲೀಕರಿಗೂ ಈಗಷ್ಟೇ ಫೋನ್ ಮಾಡಿ ಬೇಡವೆಂದು ಹೇಳಿದೆ ಎಂದು ಸೇರಿಸಿದರು. ಹಿಂದಿನಿಂದ ಲೇತಿನ ಸದ್ದು ಕೇಳುತ್ತಿತ್ತು.

ಈ ಕೆಲಸ ನನಗೆ ಕಲಿಸಿದ್ದು ವೈಪರಿನ ವಿಷಯವಲ್ಲ. ಹಳೆಯ ಕಾರಿನ ಕಂಪ್ಲೇಂಟಿನಲ್ಲಿ ಅರ್ಧ ಭಾಗ ಅದನ್ನು ಹಿಂದೆ ರಿಪೇರಿ ಮಾಡಿದವರ ಹತ್ತಿರ ಇರುತ್ತದೆ. ಆ ಅರ್ಧ ಯಾವ ಮೀಟರಿಗೂ ಸಿಗುವುದಿಲ್ಲ, ಅವರೇ ಹೇಳಬೇಕು. ನಗುವವನ ಎದುರು ಯಾರೂ ಹೇಳುವುದಿಲ್ಲ. ಈಗ ನಾನು ಬಾನೆಟ್ ಎತ್ತುವ ಮೊದಲು, ಚೆನ್ನಾಗಿದ್ದ ಮೋಟರ್ ಕಿತ್ತುಹಾಕಿದ ಒಬ್ಬ ಜಾಣನ ಅಣಕು ಮಾಡಿ ತೋರಿಸುತ್ತೇನೆ. ಸ್ಕ್ರೂಡ್ರೈವರ್ ಕಿವಿಗೆ ಸಿಕ್ಕಿಸಿಕೊಂಡು ತೀರ್ಪು ಕೊಡುವ ಅವನ ಭಂಗಿ ಎಲ್ಲರಿಗೂ ಹಿಡಿಸುತ್ತದೆ. ಆ ಜಾಣ ನಾನೇ ಎಂದು ಹೇಳಿ, ಇದಕ್ಕೆ ಮೊದಲು ಯಾರ್ಯಾರು ಕೈ ಹಾಕಿದ್ದಾರೆ ಎಂದು ಕೇಳುತ್ತೇನೆ. ಗಿರಾಕಿ ಸ್ವಲ್ಪ ಹೊತ್ತು ಆ ಕಡೆ ಈ ಕಡೆ ನೋಡುತ್ತಾನೆ. ಆ ಸ್ವಲ್ಪ ಹೊತ್ತು ನಾನು ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ಇಡೀ ಗ್ಯಾರೇಜಿನಲ್ಲಿ ನನಗೆ ಅತಿ ಕಷ್ಟವಾದ ಕೆಲಸ ಅದು, ಇನ್ನೂ ಕಲಿಯುತ್ತಿದ್ದೇನೆ.